ಎಲೆ ಕೆಳಗಿಡದವರೊಡನೆ ಪೋಕರ್

ನನ್ನ ಮೇಜಿನ ಡ್ರಾಯರಿನಲ್ಲಿ ಇನ್ನೂರು ಪುಟದ ಒಂದು ನೋಟುಬುಕ್ಕಿದೆ. ಅದರ ಮೊದಲ ಪುಟದಲ್ಲಿ ಕೆಂಪು ಶಾಯಿಯಿಂದ ‘ಒಂಬತ್ತು–ನಾಲ್ಕು’ ಎಂದು ಬರೆದು ಎರಡು ಸಲ ಅಡಿಗೆರೆ ಎಳೆದಿದ್ದೇನೆ. ಬೇರೆ ಬೇರೆ ಬಣ್ಣದ (ಇಸ್ಪೀಟು, ಆಟೀನ್, ಡೈಮನ್, ಕಳಾವರ್ ಎಂಬ ಗುಂಪುಗಳ) ಒಂಬತ್ತು ಮತ್ತು ನಾಲ್ಕು ಕೈಗೆ ಬಂದರೆ ಎಲೆ ಬಿಟ್ಟು ಕಾಫಿ ಕುಡಿಯಲು ಎದ್ದು ಹೋಗಬೇಕು ಎನ್ನುವುದು ಟೆಕ್ಸಾಸ್ ಹೋಲ್ಡೆಮ್ (ಕೈಯಲ್ಲಿ ಎರಡು ಎಲೆ, ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದು ಎಲೆ ಇಟ್ಟು ಆಡುವ ಪೋಕರ್) ಕಲಿತ ಮೊದಲ ವಾರದಲ್ಲೇ ಯಾರಿಗಾದರೂ ಗೊತ್ತಾಗುವ ವಿಷಯ. ಆ ಎರಡು ಎಲೆಗಳು ನನ್ನ ಎರಡು ಎಕ್ಕಗಳನ್ನು ಮಣ್ಣುಮುಕ್ಕಿಸಿದ ರಾತ್ರಿಯಿಂದಲೇ ನಾನು ಈ ಆಟವನ್ನು ಕಲಿಯತೊಡಗಿದೆ ಎಂದು ಈಗ ಅನ್ನಿಸುತ್ತದೆ. ಆ ರಾತ್ರಿ ಮಾತ್ರ ಅನ್ನಿಸಿದ್ದು ಬೇರೆಯೇ.

ಅದು 2022ರ ಮಳೆಗಾಲ. ಊಟ ಮುಗಿಸಿ, ಬೆಂಗಳೂರಿನ ನನ್ನ ಬಾಡಿಗೆ ಮನೆಯ ಕಿಟಕಿಯ ಪಕ್ಕ ಮೊಬೈಲು ಹಿಡಿದು ಕುಳಿತಿದ್ದೆ. ಆರು ಜನರ ಮೇಜು, ಒಂದು ರೂಪಾಯಿ ಮತ್ತು ಎರಡು ರೂಪಾಯಿಯ ಬ್ಲೈಂಡು (ಎಲೆ ನೋಡುವ ಮೊದಲೇ ಇಬ್ಬರು ಹಾಕಲೇಬೇಕಾದ ಹಣ; ಚಿಕ್ಕದು ಸ್ಮಾಲ್ ಬ್ಲೈಂಡ್, ದೊಡ್ಡದು ಬಿಗ್ ಬ್ಲೈಂಡ್), ನನ್ನ ಮುಂದೆ ₹200. ನಾನು ಬಟನ್ ಮೇಲಿದ್ದೆ, ಅಂದರೆ ಫ್ಲಾಪ್ (ಎಲ್ಲರಿಗೂ ಸೇರಿದ ಮೊದಲ ಮೂರು ಎಲೆ) ಬಿದ್ದ ಮೇಲಿನ ಪ್ರತಿ ಸುತ್ತಿನಲ್ಲೂ ಎಲ್ಲರಿಗಿಂತ ಕೊನೆಗೆ ನಿರ್ಧರಿಸುವ ಅನುಕೂಲ ನನ್ನದು. ಇಸ್ಪೀಟು ಎಕ್ಕ, ಕಳಾವರ್ ಎಕ್ಕ ಬಂದವು. ಸರಾಸರಿ 221 ಕೈಗೆ, ಅಂದರೆ 221 ಸಲ ಎಲೆ ಹಂಚಿದಾಗ, ಒಮ್ಮೆ ಬರುವ ಜೋಡಿ. ನನಗಿಂತ ಮೊದಲು ಮೂವರು ಎರಡೆರಡು ರೂಪಾಯಿ ಹಾಕಿ ಸದ್ದಿಲ್ಲದೆ ಒಳಗೆ ಬಂದಿದ್ದರು. ನಾನು ₹8ಕ್ಕೆ ಏರಿಸಿದೆ. ಸ್ಮಾಲ್ ಬ್ಲೈಂಡಿನವನೊಬ್ಬ ಬಿಟ್ಟ, ಮಿಕ್ಕ ನಾಲ್ವರೂ ₹8ಕ್ಕೆ ಸರಿದೂಗಿಸಿ ಕಾಲ್ ಮಾಡಿದರು. ಪಾಟ್‌ನಲ್ಲಿ, ಅಂದರೆ ಎಲ್ಲರ ಹಣ ಸೇರುವ ಗುಡ್ಡೆಯಲ್ಲಿ, ₹41 ಆಯಿತು. ಫ್ಲಾಪ್‌ನಲ್ಲಿ ಆಟೀನ್ ಒಂಬತ್ತು, ಆಟೀನ್ ಆರು, ಡೈಮನ್ ಎರಡು ಬಿದ್ದವು. ಎಲ್ಲರೂ ಹಣ ಹಾಕದೆ ಚೆಕ್ ಮಾಡಿದರು, ನಾನು ₹30 ಹಾಕಿದೆ, ಇಬ್ಬರು ಹಿಂದೆ ಬಂದರು. ನಾಲ್ಕನೆಯ ಎಲೆಯಾದ ಟರ್ನ್‌ನಲ್ಲಿ ಕಳಾವರ್ ರಾಜ. ಉಳಿದಿದ್ದ ₹162ನ್ನೂ ನಾನು ಮುಂದೆ ನೂಕಿದೆ. ಒಬ್ಬ ಬಿಟ್ಟ. ಇನ್ನೊಬ್ಬ, ಗಡಿಯಾರದ ಪಟ್ಟಿ ಅಲುಗುವ ಮೊದಲೇ, ಕಾಲ್ ಒತ್ತಿದ. ಐದನೆಯ, ಕೊನೆಯ ಎಲೆಯಾದ ರಿವರ್‌ನಲ್ಲಿ ಇಸ್ಪೀಟು ನಾಲ್ಕು ಬಿತ್ತು, ಅವನ ಕಡೆಯಿಂದ ಒಂಬತ್ತು–ನಾಲ್ಕು ತಿರುಗಿ ಮಲಗಿತು, ನನ್ನ ಒಂದು ಜೋಡಿಯೆದುರು ಅವನದು ಎರಡು ಜೋಡಿ, ₹455ರ ಗುಡ್ಡೆ ಜಾರಿಕೊಂಡು ಅವನ ಕಡೆಗೆ ಹೋಯಿತು.

ಲೆಕ್ಕಪತ್ರ ನೋಡುವುದೇ ನನ್ನ ವೃತ್ತಿಯಾದ್ದರಿಂದ ಮರುದಿನ ಬೆಳಿಗ್ಗೆ ಆಫೀಸಿಗೆ ಹೋಗುವ ಬಸ್ಸಿನಲ್ಲಿ ಆ ಕೈಯನ್ನು ಬಿಡಿಸಿ ನೋಡಿದೆ. ಅವನು ಕಾಲ್ ಮಾಡಿದಾಗ ಕಾಣದೆ ಉಳಿದಿದ್ದ ಎಲೆಗಳು 44. ಅವುಗಳಲ್ಲಿ ಅವನನ್ನು ಬದುಕಿಸುವಂಥವು ಎರಡು ಒಂಬತ್ತು, ಮೂರು ನಾಲ್ಕು, ಒಟ್ಟು ಐದು. ನೂರಕ್ಕೆ ಹನ್ನೊಂದು ಸಲ ಗೆಲ್ಲುವ ಕೈಗೆ ಅವನು ₹162 ಕೊಟ್ಟಿದ್ದ. ₹455ರಲ್ಲಿ ಅವನ ನ್ಯಾಯವಾದ ಪಾಲು ಸುಮಾರು ₹52. ಅಂದರೆ ಆ ಒಂದು ಗುಂಡಿ ಒತ್ತಿದ್ದರಿಂದ ಅವನು ಸರಾಸರಿಯ ಲೆಕ್ಕದಲ್ಲಿ ₹110 ಕಳೆದುಕೊಂಡಿದ್ದ, ನಾನು ಅಷ್ಟನ್ನು ಗಳಿಸಿದ್ದೆ. ಆ ₹110 ನನ್ನ ಖಾತೆಯಲ್ಲಿ ಇರಲಿಲ್ಲ ಎನ್ನುವುದಷ್ಟೇ ತಕರಾರು.

ಆದರೆ ನೋಟುಬುಕ್ಕಿನಲ್ಲಿ ಆ ಎರಡು ಅಡಿಗೆರೆಗಳು ಬಿದ್ದದ್ದು ಆ ಕೈಗಾಗಿ ಅಲ್ಲ, ಅದರ ನಂತರದ ಅರ್ಧ ಗಂಟೆಗಾಗಿ. ಸೋತ ಕೂಡಲೇ ಮತ್ತೆ ₹200 ತುಂಬಿದೆ. ಒಂಬತ್ತು–ನಾಲ್ಕರವನನ್ನು ಬುದ್ಧಿ ಕಲಿಸಿಯೇ ಕಳಿಸಬೇಕೆಂದು, ಅವನು ಆಡಿದ ಪ್ರತಿ ಕೈಯಲ್ಲೂ ನಾನೂ ಇಳಿದೆ. ಏನೂ ಇಲ್ಲದ ಕೈಯಲ್ಲಿ, ಇದ್ದವನಂತೆ ದೊಡ್ಡದಾಗಿ ಹಣ ಹಾಕಿ ಬ್ಲಫ್ ಮಾಡಿದೆ. ಅವನು ಕಾಲ್ ಮಾಡಿದ. ಇನ್ನೂ ದೊಡ್ಡ ಬ್ಲಫ್ ಮಾಡಿದೆ. ಅದಕ್ಕೂ ಕಾಲ್ ಮಾಡಿ, ಸತ್ತ ಜೋಡಿಯೊಂದನ್ನು ತೋರಿಸಿ ಗೆದ್ದ. ಎಲೆ ಬಿಡುವುದು ಎಂಬುದೇ ಗೊತ್ತಿಲ್ಲದ ಮನುಷ್ಯನನ್ನು ಎಲೆ ಬಿಡುವಂತೆ ಮಾಡಲು ಹೋಗಿ ಇನ್ನೂ ಎರಡು ಸಲ ₹200 ಸುರಿದು ಬಂದಿದ್ದೆ. ಅವನು ಊಹೆಗೆ ನಿಲುಕದವನು ಎಂದು ಆ ರಾತ್ರಿ ಬೈದುಕೊಂಡೆ. ಬೆಳಿಗ್ಗೆ ನೋಡಿದರೆ ಅವನು ಮೊದಲಿನಿಂದ ಕೊನೆಯವರೆಗೆ ಒಂದೇ ರೀತಿ ಆಡಿದ್ದ. ಆ ಮೇಜಿನಲ್ಲಿ ಯಾವ ಗಳಿಗೆಗೆ ಏನು ಮಾಡುತ್ತಾನೋ ಹೇಳಲಾಗದಂತೆ ಆಡಿದ ಒಬ್ಬನೇ ಒಬ್ಬ ನಾನಾಗಿದ್ದೆ.

ಇದು ನನಗೆ ನಿಧಾನವಾಗಿ ಅರ್ಥವಾದ ವಿಷಯ. ಸಡಿಲವಾಗಿ ಆಡುವವನ ಕೈಯಲ್ಲಿ ಯಾವ ಎಲೆ ಇದೆಯೆಂದು ಹೇಳುವುದು ಅಸಾಧ್ಯ, ನಿಜ. ಕೈಗೆ ಬರಬಹುದಾದ 1,326 ಬಗೆಯ ಎರಡೆಲೆ ಜೋಡಿಗಳಲ್ಲಿ ಅವನು ಸಾವಿರವನ್ನಾದರೂ ಆಡುತ್ತಾನೆ. ಆದರೆ ಅವನು ಏನು ಮಾಡುತ್ತಾನೆ ಎಂಬುದನ್ನು ಹೇಳುವುದು ಬಹಳ ಸುಲಭ. ಅವನು ಕಾಲ್ ಮಾಡುತ್ತಾನೆ. ಬಿಗಿಯಾಗಿ ಆಡುವ ಜಾಣನ ವಿಷಯದಲ್ಲಿ ಇದು ತಿರುಗುಮುರುಗು: ಅವನ ಎಲೆಗಳನ್ನು ಹತ್ತಿಪ್ಪತ್ತು ಜೋಡಿಗಳಿಗೆ ಇಳಿಸಬಹುದು, ಆದರೆ ಅವುಗಳನ್ನು ಹಿಡಿದು ಮುಂದೇನು ಮಾಡುತ್ತಾನೆ ಎಂದು ತಲೆ ಕೆರೆದುಕೊಳ್ಳಬೇಕು. ನಾವು ಎಲೆ ಊಹಿಸುವುದನ್ನೇ ಜಾಣತನವೆಂದು ಕಲಿತು ಬರುತ್ತೇವೆ. ಊಹಿಸಲು ಏನೂ ಇಲ್ಲದವನೆದುರು ಆ ಜಾಣತನ ಕೆಲಸಕ್ಕೆ ಬಾರದಾದಾಗ ಅವನನ್ನೇ ಹುಚ್ಚನೆಂದು ಕರೆಯುತ್ತೇವೆ.

ನಮ್ಮ ಕಡೆ ಇಂಥ ಆಟಗಾರರು ಏಕೆ ಇಷ್ಟೊಂದು ಎಂಬುದಕ್ಕೆ ನನ್ನದೊಂದು ಊಹೆಯಿದೆ. ಹಳೇ ಮೈಸೂರಿನ ಹಳ್ಳಿಗಳಲ್ಲಿ ಯುಗಾದಿಯ ಮಾರನೆಯ ದಿನ ಅರಳಿಕಟ್ಟೆಯ ಮೇಲೆ ಕಂಬಳಿ ಹಾಸಿ ಇಸ್ಪೀಟು ಆಡುವುದನ್ನು ನೋಡಿ ಬೆಳೆದವನು ನಾನು. ಅಲ್ಲಿ ಎರಡು ಬಗೆಯ ಶಾಲೆಗಳಿದ್ದವು. ರಮ್ಮಿ ಆಡುವವರು ಕೆಟ್ಟ ಎಲೆ ಬಂದರೆ ಮುಖ ಸಿಂಡರಿಸದೆ ಕೆಳಗಿಡುತ್ತಿದ್ದರು. ಮೊದಲೇ ಡ್ರಾಪ್ ಆದರೆ 20, ನಡುವೆ ಆದರೆ 40, ಕೊನೆಯವರೆಗೆ ಕೂತು ಸಿಕ್ಕಿಬಿದ್ದರೆ 80 ಎಂಬ ಅಂಕದ ಪದ್ಧತಿಯೇ ಅವರಿಗೆ ಬಿಡುವುದನ್ನು ಕಲಿಸಿತ್ತು. ಮೂರೆಲೆ ಆಡುವವರದು ಬೇರೆ ಲೋಕ. ಅಲ್ಲಿ ಎಲೆ ನೋಡದೆ ಬ್ಲೈಂಡ್ ಆಡುವವನಿಗೆ ಖರ್ಚು ಕಡಿಮೆ, ನೋಡಿದವನು ಅದರ ಎರಡರಷ್ಟು ಹಾಕಬೇಕು. ಎಲೆ ನೋಡದಿರುವುದೇ ಗಂಡಸುತನ, ಬಿಡುವುದು ಅವಮಾನ. ನನ್ನ ಸೋದರಮಾವ ಒಬ್ಬ ಮೂರೆಲೆ ಆಟಗಾರನನ್ನು ಕುರಿತು, ‘ಅವನ ಕೈಗೆ ಎಲೆ ಹೋದರೆ ಬಾವಿಗೆ ಬಿದ್ದ ಬಿಂದಿಗೆ ಹಾಗೆ, ತಾನಾಗಿ ಮೇಲೆ ಬರುವುದಿಲ್ಲ’ ಎನ್ನುತ್ತಿದ್ದರು. ಮೊಬೈಲಿನಲ್ಲಿ ಪೋಕರ್ ಬಂದಾಗ ಈ ಎರಡೂ ಶಾಲೆಗಳವರು ಅಲ್ಲಿಗೆ ಬಂದರು. ನನ್ನ ಒಂಬತ್ತು–ನಾಲ್ಕರವನು ಯಾವ ಶಾಲೆಯವನೆಂದು ಬೇರೆ ಹೇಳಬೇಕಿಲ್ಲ. ಅವನ ಪ್ರಕಾರ ಅವನು ತಪ್ಪು ಆಡುತ್ತಿರಲಿಲ್ಲ, ತನ್ನ ಆಟವನ್ನೇ ಆಡುತ್ತಿದ್ದ.

ಹಾಗಾದರೆ ಇಂಥವರ ನಡುವೆ ಕುಳಿತು ಮಾಡಬೇಕಾದ ಮೊದಲ ಕೆಲಸ ಬ್ಲಫ್ ಎಂಬುದನ್ನು ಮರೆಯುವುದು. ಇದನ್ನು ಬಾಯಲ್ಲಿ ಎಲ್ಲರೂ ಹೇಳುತ್ತಾರೆ, ಕೈಯಲ್ಲಿ ಮಾಡುವವರು ಕಡಿಮೆ. ಏಕೆಂದರೆ ಸಿನಿಮಾದಲ್ಲಿ ನೋಡಿ ಪೋಕರ್‌ಗೆ ಮನಸೋತವರಿಗೆ ಬ್ಲಫ್ ಇಲ್ಲದ ಪೋಕರ್ ಉಪ್ಪಿಲ್ಲದ ಸಾರು. ನನ್ನನ್ನು ತಿದ್ದಿದ್ದು ಉಪದೇಶವಲ್ಲ, ಒಂದು ಸರಳ ಗುಣಾಕಾರ. ₹100ರ ಪಾಟ್‌ಗೆ ₹50ರ ಬ್ಲಫ್ ಹಾಕಿದರೆ ಅದು ಮೂರರಲ್ಲಿ ಒಂದು ಸಲ ಫಲಿಸಿದರೂ ಅಸಲು ಬರುತ್ತದೆ. ಒಬ್ಬನೇ ಎದುರಾಳಿ ಇದ್ದು, ಅವನು ನೂರರಲ್ಲಿ ಅರವತ್ತು ಸಲ ಬಿಡುವವನಾದರೆ ಆ ಬ್ಲಫ್ ಬಂಗಾರ. ಅದೇ ಸ್ವಭಾವದ ಮೂವರು ಎದುರಿಗಿದ್ದರೆ ಮೂವರೂ ಒಟ್ಟಿಗೆ ಬಿಡುವ ಸಾಧ್ಯತೆ 0.6ನ್ನು ಮೂರು ಸಲ ಗುಣಿಸಿದಷ್ಟು, ಅಂದರೆ ನೂರಕ್ಕೆ 22 ಕೂಡ ಇಲ್ಲ. ಸಡಿಲ ಮೇಜಿನಲ್ಲಿ ಒಬ್ಬೊಬ್ಬನೂ ನೂರಕ್ಕೆ ಅರವತ್ತು ಸಲ ಬಿಡುವುದಂತೂ ಕನಸಿನ ಮಾತು. ಈ ಲೆಕ್ಕವನ್ನು ಒಂದು ಸಲ ಬರೆದ ಮೇಲೆ ನನ್ನ ಬ್ಲಫ್‌ಗಳಲ್ಲಿ ಹತ್ತರಲ್ಲಿ ಒಂಬತ್ತು ತಾವಾಗಿಯೇ ನಿಂತವು.

ಎರಡನೆಯದು ಹಾಕುವ ಮೊತ್ತ. ನನ್ನ ಎಕ್ಕಗಳ ಕೈಯಲ್ಲಿ ಅವನಿಗಿಂತ ಹೆಚ್ಚು ತಪ್ಪು ಮಾಡಿದ್ದು ನಾನೇ, ಅದೂ ಫ್ಲಾಪ್‌ಗೆ ಮೊದಲೇ. ಎರಡು ಎಕ್ಕಗಳು ಯಾವುದೋ ಒಂದು ಕೈಯೆದುರು ನೂರಕ್ಕೆ 85 ಸಲ ಗೆಲ್ಲುತ್ತವೆ. ಎದುರಿಗೆ ಯಾವ್ಯಾವುದೋ ಎಲೆ ಹಿಡಿದ ನಾಲ್ವರಿದ್ದರೆ ಅದು ಸುಮಾರು 56ಕ್ಕೆ ಇಳಿಯುತ್ತದೆ. ಅಂದರೆ ಜಗತ್ತಿನ ಅತ್ಯುತ್ತಮ ಕೈ ಹಿಡಿದೂ ಹತ್ತಿರ ಹತ್ತಿರ ಅರ್ಧದಷ್ಟು ಸಲ ಸೋಲುವ ಒಪ್ಪಂದಕ್ಕೆ ನಾನು ₹8 ಕೊಟ್ಟು ಸಹಿ ಹಾಕಿದ್ದೆ. ಇಲ್ಲಿ ಎರಡು ಮಾತು ಒಟ್ಟಿಗೆ ನಿಜ. ಐದನೇ ಒಂದು ಪಾಲು ಹಣ ಹಾಕಿ ಅರ್ಧಕ್ಕಿಂತ ಹೆಚ್ಚು ಸಲ ಇಡೀ ಪಾಟ್ ಹೊಡೆಯುವುದು ಒಳ್ಳೆಯ ವ್ಯಾಪಾರವೇ. ಆದರೆ ಆ ವ್ಯಾಪಾರವನ್ನು ₹8ರಲ್ಲಿ ಏಕೆ ಮಾಡಬೇಕು? ಮೂವರು ಆಗಲೇ ಒಳಗೆ ಬಂದಿದ್ದಾಗ ರೂಢಿಯ ಏರಿಕೆಯೇ ₹14ರ ಆಸುಪಾಸು ಆಗಬೇಕಿತ್ತು. ಆ ಮೇಜಿನಲ್ಲಿ ₹20 ಹಾಕಿದ್ದರೂ ಅವರು ಬರುತ್ತಿದ್ದರು. ನಾಲ್ವರೂ ಬಂದಿದ್ದರೆ ಕಾಗದದ ಮೇಲಿನ ನನ್ನ ಲಾಭ ₹15ರ ಬದಲು ₹36 ಆಗುತ್ತಿತ್ತು; ಇಬ್ಬರು ಬಿಟ್ಟಿದ್ದರೆ ಎಕ್ಕಗಳಿಗೆ ಉಸಿರಾಡಲು ಜಾಗ ಸಿಗುತ್ತಿತ್ತು. ಎರಡೂ ನನಗೆ ಒಳ್ಳೆಯದೇ.

ಸಡಿಲ ಆಟಗಾರನಿಗೆ ಬೆಲೆ ಎನ್ನುವುದು ಬಹುಮಟ್ಟಿಗೆ ಕಾಣುವುದಿಲ್ಲ. ಅವನ ಮನಸ್ಸಿನಲ್ಲಿ ಇರುವ ಪ್ರಶ್ನೆ ‘ನನ್ನ ಹತ್ತಿರ ಏನಾದರೂ ಇದೆಯೋ ಇಲ್ಲವೋ’ ಎನ್ನುವುದೊಂದೇ. ಒಂದು ಜೋಡಿ ಇದ್ದರೆ, ಅಥವಾ ಒಂದೇ ಬಣ್ಣದ ಐದು ಎಲೆ ಕೂಡಿಬರುವ ಆಸೆಯಿದ್ದರೆ, ₹30ಕ್ಕೂ ಹೂಂ, ₹45ಕ್ಕೂ ಹೂಂ. ತರಕಾರಿ ಅಂಗಡಿಯಲ್ಲಿ ಚೌಕಾಶಿ ಮಾಡದ ಗಿರಾಕಿಗೆ ಅಂಗಡಿಯವನು ತಾನಾಗಿ ರಿಯಾಯಿತಿ ಕೊಡುತ್ತಾನೆಯೇ? ಬಲವಾದ ಕೈ ಬಂದಾಗ ‘ಹೆದರಿ ಓಡಿಹೋಗಿಬಿಟ್ಟಾರು’ ಎಂದು ಚಿಕ್ಕದಾಗಿ ಹಾಕುವುದು, ಬಲೆ ಬೀಸುತ್ತೇನೆಂದು ಚೆಕ್ ಮಾಡಿ ಸುಮ್ಮನಿರುವುದು, ಈ ಎರಡನ್ನೂ ನಾನು ಬಿಟ್ಟೆ. ನನ್ನ ಬಳಿ ಒಳ್ಳೆಯದಿದ್ದರೆ ಪಾಟ್‌ನ ಮುಕ್ಕಾಲು ಪಾಲು, ಕೆಲವೊಮ್ಮೆ ಪೂರ್ತಿ ಪಾಟ್‌ನಷ್ಟೇ ಹಾಕುತ್ತೇನೆ, ಅದನ್ನು ಮುಚ್ಚಿಡುವ ಗೋಜಿಗೂ ಹೋಗುವುದಿಲ್ಲ. ಗಮನಿಸುವ ಎದುರಾಳಿಯ ಮುಂದೆ ಇಷ್ಟು ಬೆತ್ತಲಾಗಿ ಆಡಿದರೆ ಹತ್ತು ನಿಮಿಷದಲ್ಲಿ ಗುಟ್ಟು ಬಯಲಾಗುತ್ತದೆ. ಇವರು ಗಮನಿಸುವುದಿಲ್ಲ, ಅವರ ಕಣ್ಣು ಅವರ ಎರಡು ಎಲೆಗಳ ಮೇಲಿರುತ್ತದೆ.

ಯಾವ ಕೈಯಲ್ಲಿ ಇಳಿಯಬೇಕು ಎಂಬುದರಲ್ಲಿ ಒಂದು ಸಣ್ಣ ಮೋಸ ಅಡಗಿದೆ. ಎಲ್ಲರೂ ಸಿಕ್ಕಿದ್ದನ್ನು ಆಡುತ್ತಿರುವಾಗ ನಾವೂ ಸ್ವಲ್ಪ ಸಡಿಲವಾದರೆ ತಪ್ಪೇನು ಎಂದು ಮನಸ್ಸು ಪಿಸುಗುಡುತ್ತದೆ. ಸಣ್ಣ ಜೋಡಿಗಳ ವಿಷಯದಲ್ಲಿ ಆ ಪಿಸುಮಾತು ಸರಿ. ಕೈಯಲ್ಲಿ ಎರಡು ಐದು ಹಿಡಿದು ಫ್ಲಾಪ್‌ನಲ್ಲಿ ಮೂರನೆಯ ಐದು ಕಾಣುವ ಸಾಧ್ಯತೆ ನೂರಕ್ಕೆ ಹನ್ನೆರಡರ ಹತ್ತಿರ. ಅಗ್ಗದಲ್ಲಿ ಒಳಗೆ ಹೋಗಿ, ಬಂದರೆ ಎಲೆ ಬಿಡದವನಿಂದ ಪೂರ್ತಿ ಹಣ ವಸೂಲು ಮಾಡಬಹುದು, ಬಾರದಿದ್ದರೆ ಎದ್ದು ಬರಬಹುದು. ಎಕ್ಕ–ರಾಣಿ, ರಾಜ–ರಾಣಿ ಮುಂತಾದ ದೊಡ್ಡ ಎಲೆಗಳಿಗೂ ಇಲ್ಲಿ ಬೆಲೆ ಹೆಚ್ಚು, ಏಕೆಂದರೆ ಎಕ್ಕ–ಏಳು ಹಿಡಿದವನು ಜಾಣರ ಮೇಜಿನಲ್ಲಿ ಬಿಟ್ಟುಬಿಡುತ್ತಾನೆ, ಇಲ್ಲಿ ಕಾಲ್ ಮಾಡುತ್ತಾನೆ. ಎಕ್ಕ ಬಿದ್ದರೆ ಇಬ್ಬರಿಗೂ ಜೋಡಿ, ಪಕ್ಕದ ಎಲೆಯಲ್ಲಿ ಅವನು ಸೋಲುತ್ತಾನೆ. ಆದರೆ ಒಂದೇ ಬಣ್ಣದ ಏಳು–ಐದು, ಎಂಟು–ಆರು ಹಿಡಿದು ಎಲ್ಲರ ಹಿಂದೆ ಓಡುವುದು ಅಷ್ಟು ಸರಳವಲ್ಲ. ಫ್ಲಾಪ್‌ನಲ್ಲೇ ಬಣ್ಣ ಕೂಡಿಬರುವುದು ನೂರಕ್ಕೆ ಒಂದು ಸಲವೂ ಇಲ್ಲ. ರಿವರ್‌ವರೆಗೆ ಎಳೆದು ಕೂಡಿಸಿಕೊಂಡರೂ, ಒಂದೇ ಬಣ್ಣದ ಯಾವ ಎರಡು ಎಲೆಯನ್ನೂ ಬಿಡದ ಜನರ ನಡುವೆ ಯಾರದೋ ಕೈಯಲ್ಲಿ ಅದೇ ಬಣ್ಣದ ರಾಣಿಯೋ ಗುಲಾಮನೋ ಇರುತ್ತದೆ. ಎಕ್ಕವಿರುವ ಬಣ್ಣದ ಜೋಡಿಗೆ ಮಾತ್ರ ನಾನು ಆ ಮರ್ಯಾದೆ ಕೊಡುತ್ತೇನೆ.

ಇಷ್ಟೆಲ್ಲ ಹೇಳಿದ್ದು ಕಾಲ್ ಮಾಡುತ್ತಲೇ ಇರುವ ಸಾಧುಪ್ರಾಣಿಯ ವಿಚಾರ. ಇವನ ವಿಷಯದಲ್ಲಿ ಒಂದೇ ಒಂದು ಎಚ್ಚರ ಬೇಕು, ಅದನ್ನು ಕಲಿಯಲು ನನಗೆ ಒಂದು ವರ್ಷ ಹಿಡಿಯಿತು. ಫ್ಲಾಪ್‌ನಲ್ಲಿ ಕಾಲ್, ಟರ್ನ್‌ನಲ್ಲಿ ಕಾಲ್ ಎನ್ನುತ್ತಾ ಬಂದವನು ರಿವರ್‌ನಲ್ಲಿ ಇದ್ದಕ್ಕಿದ್ದಂತೆ ಏರಿಸಿದರೆ ಅವನ ಮಾತನ್ನು ನಂಬಬೇಕು. ‘ಇವನು ಏನು ಬೇಕಾದರೂ ಆಡುತ್ತಾನೆ, ಇದೂ ಸುಳ್ಳೇ ಇರಬೇಕು’ ಎಂದು ನಮ್ಮ ಒಂದು ಜೋಡಿ ರಾಜರನ್ನು ಹಿಡಿದು ಕಾಲ್ ಮಾಡುವುದು ದುಡ್ಡು ಸುಡುವ ಕೆಲಸ. ಅವನು ಆಡುವ ಎಲೆಗಳು ಸಡಿಲ, ಏರಿಸುವ ಎಲೆಗಳು ಸಡಿಲವಲ್ಲ. ನಾಯಿ ಬೊಗಳದ ಮನೆಯಲ್ಲಿ ನಾಯಿ ಬೊಗಳಿತೆಂದರೆ ಯಾರೋ ಬಂದಿದ್ದಾರೆ ಎಂದೇ ಅರ್ಥ. ನೋಟುಬುಕ್ಕಿನಲ್ಲಿ ಇಂಥ ಏರಿಕೆಗಳನ್ನು ಎರಡು ತಿಂಗಳು ಗುರುತುಹಾಕಿಕೊಂಡೆ; ಎರಡು ಜೋಡಿಗಿಂತ ಕಡಿಮೆ ತೋರಿಸಿದವರು ಎಷ್ಟು ಮಂದಿ ಎಂದು ಎಣಿಸಲು ಒಂದು ಕೈಯ ಬೆರಳು ಸಾಕಾದವು.

ಇನ್ನೊಂದು ಜಾತಿಯವನು ಬೇರೆ. ಅವನು ಕಾಲ್ ಮಾಡುವುದಿಲ್ಲ, ಏರಿಸುತ್ತಾನೆ. ಎರಡು ಕೈಗೊಂದು ಸಲ ಏರಿಸುತ್ತಾನೆ, ನಾವು ಏರಿಸಿದರೆ ಅದರ ಮೇಲೂ ಏರಿಸುತ್ತಾನೆ. ಇವನನ್ನು ಆಟಗಾರರು ಮೇನಿಯಾಕ್ ಎನ್ನುತ್ತಾರೆ. ಇವನೆದುರು ಎಲ್ಲಕ್ಕಿಂತ ಮುಖ್ಯವಾದದ್ದು ಕುಳಿತುಕೊಳ್ಳುವ ಜಾಗ. ಅವನು ನನ್ನ ಬಲಕ್ಕೆ ಇರಬೇಕು, ಅಂದರೆ ಅವನು ಮೊದಲು ಮಾಡಿ, ಅದನ್ನು ನೋಡಿ ನಾನು ಮಾಡುವಂತಿರಬೇಕು. ಅವನು ನನ್ನ ಎಡಕ್ಕಿದ್ದರೆ ನಾನು ಎರಡು ರೂಪಾಯಿಗೆ ನೋಡಬೇಕೆಂದುಕೊಂಡ ಪ್ರತಿ ಫ್ಲಾಪ್‌ಗೂ ಹತ್ತು ರೂಪಾಯಿ ತೆರಬೇಕಾಗುತ್ತದೆ. ಮೊಬೈಲಿನಲ್ಲಿ ಜಾಗ ಬದಲಿಸುವುದು ಎಷ್ಟು ಹೊತ್ತಿನ ಕೆಲಸ? ಎದ್ದು, ಬೇರೆ ಕುರ್ಚಿ ಖಾಲಿಯಾದಾಗ ಕೂರುವುದು. ಅಷ್ಟು ಮಾಡಲು ಸೋಮಾರಿಯಾಗಿ ನಾನು ಕಳೆದುಕೊಂಡಷ್ಟನ್ನು ಕೆಟ್ಟ ಅದೃಷ್ಟದಿಂದ ಕಳೆದುಕೊಂಡಿಲ್ಲ. ಜಾಗ ಸರಿಯಾದ ಮೇಲೆ ಮಾಡುವುದು ಇಷ್ಟೇ: ಅವನು ಏರಿಸಿದಾಗ, ಹತ್ತರ ಜೋಡಿಯಂಥ, ಎಕ್ಕ–ಗುಲಾಮನಂಥ ಕೈ ನನ್ನಲ್ಲಿದ್ದರೆ ಮೂರರಷ್ಟು ಏರಿಸಿ ಉಳಿದವರನ್ನು ಓಡಿಸಿ ಅವನೊಬ್ಬನನ್ನೇ ಉಳಿಸಿಕೊಳ್ಳುವುದು; ಆಮೇಲೆ ಏರಿಸುವುದನ್ನು ನಿಲ್ಲಿಸಿ ಹಗ್ಗವನ್ನು ಅವನ ಕೈಗೆ ಕೊಡುವುದು. ಕಾಲ್ ಮಾಡುವವನಿಂದ ಹಣ ಬರುವುದು ನಾವು ಹಾಕಿದಾಗ. ಇವನಿಂದ ಬರುವುದು ಅವನೇ ಹಾಕಿದಾಗ. ಆದ್ದರಿಂದ ಅವನ ಕೈ ಹಿಡಿದು ನಿಲ್ಲಿಸಬಾರದು.

ಈಗಿನ ಹುಡುಗರು ಸಾಲ್ವರ್ ಎಂಬ ತಂತ್ರಾಂಶ ಇಟ್ಟುಕೊಂಡು ಸಮತೋಲದ ಆಟವನ್ನು ಅಭ್ಯಾಸ ಮಾಡುತ್ತಾರೆ. 2017ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಲಿಬ್ರಾಟಸ್ ಎಂಬ ಯಂತ್ರ ನಾಲ್ವರು ವೃತ್ತಿಪರರನ್ನು ಒಬ್ಬೊಬ್ಬರಾಗಿ ಎದುರಿಸಿ 1,20,000 ಕೈಗಳಲ್ಲಿ ಸೋಲಿಸಿದ ಮೇಲೆ ಆ ವಿದ್ಯೆಗೆ ದೊಡ್ಡ ಗೌರವ ಬಂದಿದೆ, ಬರಬೇಕಾದ್ದೇ. ಆದರೆ ಇಬ್ಬರ ಆಟದಲ್ಲಿ ಸಮತೋಲದ ತಂತ್ರ ಕೊಡುವ ಭರವಸೆ ‘ಯಾರೂ ನಿನ್ನನ್ನು ದೀರ್ಘಕಾಲ ಸೋಲಿಸಲಾರರು’ ಎಂಬುದು, ‘ದಡ್ಡನಿಂದ ಗರಿಷ್ಠ ಗೆಲ್ಲುತ್ತೀಯ’ ಎಂಬುದಲ್ಲ; ಐದಾರು ಜನರ ಮೇಜಿಗೆ ಬಂದರೆ ಆ ಮೊದಲ ಭರವಸೆಯೂ ಪೂರ್ತಿ ನಿಲ್ಲುವುದಿಲ್ಲ. ಎದುರಾಳಿ ಎಂದೂ ಎಲೆ ಬಿಡುವುದಿಲ್ಲವೆಂದು ಕಣ್ಣಾರೆ ಕಂಡ ಮೇಲೂ ಸಾಲ್ವರ್ ಹೇಳಿತೆಂದು ಮೂರನೇ ಒಂದು ಪಾಲು ಬ್ಲಫ್ ಬೆರೆಸುವವನನ್ನು ಕಂಡರೆ ನನಗೆ, ಖಾಲಿ ರಸ್ತೆಯಲ್ಲಿ ಹಾರ್ನ್ ಹಾಕುತ್ತಾ ಹೋಗುವವನ ನೆನಪಾಗುತ್ತದೆ.

ಇಷ್ಟು ತಂತ್ರ ಕಲಿತರೂ ಸಡಿಲ ಮೇಜು ಮನಸ್ಸನ್ನು ಹಿಂಡುತ್ತದೆ, ಏಕೆಂದರೆ ಅಲ್ಲಿ ಸೋಲು ಬರುವ ರೀತಿಯೇ ಕೆಟ್ಟದ್ದು. ಜಾಣನಿಗೆ ಸೋತರೆ ಅವನ ಮೇಲೆ ಗೌರವವಾದರೂ ಹುಟ್ಟುತ್ತದೆ. ಇಲ್ಲಿ ರಿವರ್‌ನ ಒಂದು ನಾಲ್ಕಕ್ಕೆ ಸೋಲುತ್ತೇವೆ, ಮತ್ತೆ ಮತ್ತೆ ಸೋಲುತ್ತೇವೆ. ಒಂದು ಭಾನುವಾರ ಎಕ್ಸೆಲ್ ಹಾಳೆ ತೆಗೆದು ಲೆಕ್ಕ ಹಾಕಿದೆ. ನೂರು ಕೈಗೆ ಐದು ಬಿಗ್ ಬ್ಲೈಂಡ್ ಗೆಲ್ಲುವ ಒಳ್ಳೆಯ ಆಟಗಾರ, ಅವನ ಏರಿಳಿತ ನೂರು ಕೈಗೆ ಸುಮಾರು ನೂರು ಬಿಗ್ ಬ್ಲೈಂಡ್ ಎಂದು ಇಟ್ಟುಕೊಂಡರೆ, 10,000 ಕೈ ಆಡಿದ ಮೇಲೂ ಅವನು ನಷ್ಟದಲ್ಲಿರುವ ಸಾಧ್ಯತೆ ನೂರಕ್ಕೆ ಮೂವತ್ತರಷ್ಟಿದೆ. ರಾತ್ರಿಗೆ 150 ಕೈ ಆಡುವ ನನ್ನಂಥವನಿಗೆ ಅದು ಎರಡು ತಿಂಗಳಿಗೂ ಮೀರಿದ ಕಾಲ. ಎರಡು ತಿಂಗಳು ಸರಿಯಾಗಿ ಆಡಿಯೂ ಕಳೆದುಕೊಂಡವನಿಗೆ ತಾನು ಆಡುತ್ತಿರುವುದು ಸರಿಯೆಂದು ಹೇಳುವವರು ಯಾರು? ಸರಿಯಾಗಿ ಆಡಿದ್ದೇನೆಯೇ ಎಂದು ಗುರುತಿಸಲು ಗೆಲುವು–ಸೋಲನ್ನು ಬಿಟ್ಟು ಬೇರೊಂದು ಅಳತೆ ಬೇಕಾಯಿತು. ಆ ನೋಟುಬುಕ್ಕಿನ ಉಪಯೋಗ ಅದೇ. ದೊಡ್ಡ ಪಾಟ್ ಮುಗಿದ ಮೇಲೆ ಗೆದ್ದೆನೋ ಸೋತೆನೋ ಬರೆಯುವುದಿಲ್ಲ. ಹಣ ಒಳಗೆ ಹೋದಾಗ ಯಾರು ಮುಂದಿದ್ದರು, ಕೊಟ್ಟ ಬೆಲೆ ಸರಿಯೇ, ಇಷ್ಟನ್ನೇ ಬರೆಯುತ್ತೇನೆ. ಬರೆಯಲು ಒಂದು ನಿಮಿಷ ಹಿಡಿಯುತ್ತದೆ, ಆ ಒಂದು ನಿಮಿಷದಲ್ಲಿ ಮುಂದಿನ ಕೈ ನನ್ನನ್ನು ಬಿಟ್ಟು ಸಾಗಿರುತ್ತದೆ. ಕೋಪಕ್ಕೆ ಬೇಕಾಗಿದ್ದುದು ಆ ಮುಂದಿನ ಕೈಯೇ ಆದ್ದರಿಂದ, ಬರವಣಿಗೆಗಿಂತ ಈ ತಪ್ಪಿಹೋಗುವಿಕೆಯೇ ನನಗೆ ಹೆಚ್ಚು ಉಪಕಾರ ಮಾಡಿದೆ. ಇದರ ಜೊತೆಗೆ, ಒಂದು ರಾತ್ರಿಗೆ ಎರಡು ಸಲ ತುಂಬಿದ ಹಣ ಖಾಲಿಯಾದರೆ ಫೋನನ್ನು ಅಡಿಗೆಮನೆಯ ಫ್ರಿಜ್ಜಿನ ಮೇಲಿಟ್ಟು ಮಲಗುವುದು ಎಂಬ ಕಟ್ಟಳೆ ಮಾಡಿಕೊಂಡಿದ್ದೆ. ಮಂಚದಿಂದ ಕೈಗೆ ಎಟುಕದಷ್ಟು ದೂರ ಬೇಕು ಎನ್ನುವುದನ್ನು ಅನುಭವದಿಂದ ಹೇಳುತ್ತಿದ್ದೇನೆ.

ಹಣದ ಆ ಮೇಜುಗಳು ಈಗಿಲ್ಲ. 2021ರ ಅಕ್ಟೋಬರಿನಲ್ಲಿ ನಮ್ಮ ರಾಜ್ಯ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಅವನ್ನು ನಿಷೇಧಿಸಿತು, 2022ರ ಫೆಬ್ರವರಿ 14ರಂದು ಹೈಕೋರ್ಟು ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದು ಮಾಡಿತು, ಮೇಜುಗಳು ಮತ್ತೆ ತುಂಬಿದವು. 2023ರ ಅಕ್ಟೋಬರ್ 1ರಿಂದ ತುಂಬಿದ ಹಣದ ಮೇಲೆಯೇ 28% ಜಿಎಸ್‌ಟಿ ಬಂದಾಗ, ₹100ರ ಚಿಪ್ಸಿಗೆ (ಹಣದ ಬದಲು ಆಡುವ ಬಿಲ್ಲೆಗಳಿಗೆ) ₹128 ಆಗುವ ಲೆಕ್ಕದಲ್ಲಿ, ಎದುರಾಳಿ ಎಷ್ಟೇ ಸಡಿಲನಾದರೂ ಗೆಲ್ಲುವುದು ಕಷ್ಟವೆಂದು ನನಗೆ ಕಂಡು ಆಟವನ್ನು ತಿಂಗಳಿಗೆ ನಾಲ್ಕೈದು ರಾತ್ರಿಗೆ ಇಳಿಸಿದ್ದೆ. 2025ರ ಆಗಸ್ಟಿನಲ್ಲಿ ಸಂಸತ್ತು, ಕೌಶಲವೋ ಅದೃಷ್ಟವೋ ಎಂಬ ಭೇದವಿಲ್ಲದೆ, ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನೆಲ್ಲ ದೇಶದಾದ್ಯಂತ ನಿಷೇಧಿಸಿತು. ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ನನ್ನ ಖಾತೆಯಲ್ಲಿ ಉಳಿದಿದ್ದ ಸಾವಿರ ಚಿಲ್ಲರೆ ರೂಪಾಯಿಯನ್ನು ವಾಪಸು ತೆಗೆದುಕೊಂಡೆ. ಆ ಕಾನೂನಿನ ಬಗ್ಗೆ ನನಗೆ ಎರಡು ಮನಸ್ಸಿದೆ: ಲೆಕ್ಕದ ಆಟವೊಂದು ಹೋಯಿತೆಂಬ ಬೇಸರ ಒಂದು ಕಡೆ, ಸಂಬಳದ ದಿನವೇ ಸಂಬಳ ಕಳೆದುಕೊಂಡ ಸಹೋದ್ಯೋಗಿಯೊಬ್ಬರ ಮುಖ ಇನ್ನೊಂದು ಕಡೆ. ನಾನು ಲಾಭವೆಂದು ಬರೆದುಕೊಂಡ ಪ್ರತಿ ರೂಪಾಯಿಯೂ ಎಲೆ ಕೆಳಗಿಡಲಾಗದ ಇಂಥ ಯಾರಿಂದಲೋ ಬಂದದ್ದು ಎಂಬುದನ್ನು ನೋಟುಬುಕ್ಕು ಹೇಳುವುದಿಲ್ಲ, ನನಗೆ ಗೊತ್ತಿದೆ.

ಈಗ ಆಡುವುದು ಪುಕ್ಕಟೆ ಚಿಪ್ಸಿನ ಮೇಜಿನಲ್ಲಿ. ಖಾಲಿಯಾದರೆ ಕೆಲವು ಗಂಟೆಗಳಲ್ಲಿ ಮತ್ತೆ ತುಂಬುವ ಚಿಪ್ಸಿಗೆ ಯಾರು ಮರ್ಯಾದೆ ಕೊಡುತ್ತಾರೆ? ಸಡಿಲತನ ಎಂಬುದರ ಶುದ್ಧ ರೂಪ ನೋಡಬೇಕಾದರೆ ಇಲ್ಲಿಗೆ ಬರಬೇಕು. ಮೊದಲ ಕೈಯಲ್ಲೇ ಮೂವರು ಕಣ್ಣುಮುಚ್ಚಿ ಎಲ್ಲವನ್ನೂ ನೂಕುವುದು ಇಲ್ಲಿ ಸಾಮಾನ್ಯ. ಹತ್ತು ನಿಮಿಷ ಕಾದರೆ ಅಂಥವರು ಖಾಲಿಯಾಗಿ ಹೋಗುತ್ತಾರೆ, ಆಮೇಲೆ ಉಳಿಯುವವರೊಡನೆ ಆಟ ಶುರು.

ಕಳೆದ ಶನಿವಾರ ಅಂಥ ಒಂದು ಮೇಜಿನಲ್ಲಿ, ನನ್ನ ಬಲಕ್ಕೆ, ಪ್ರತಿ ಕೈಯನ್ನೂ ಏರಿಸುವವನೊಬ್ಬ ಕುಳಿತಿದ್ದ. ಬ್ಲೈಂಡು 100–200, ಅವನ ಮುಂದೆ 40,000 ಚಿಪ್ಸು, ನನ್ನ ಮುಂದೆ ಅದಕ್ಕಿಂತ ತುಸು ಹೆಚ್ಚು. ಎಂದಿನಂತೆ 1,000ಕ್ಕೆ ಏರಿಸಿದ. ನಾನು ಬಟನ್ ಮೇಲೆ ಎಕ್ಕ–ಗುಲಾಮ ಹಿಡಿದು 3,000 ಮಾಡಿದೆ, ಉಳಿದವರೆಲ್ಲ ಬಿಟ್ಟರು, ಅವನು ಬಂದ. ಫ್ಲಾಪ್‌ನಲ್ಲಿ ಗುಲಾಮ, ಏಳು, ಮೂರು. 6,300ರ ಪಾಟ್‌ಗೆ ಅವನು 4,000 ಹಾಕಿದ, ನಾನು ಕಾಲ್ ಮಾಡಿದೆ. ಟರ್ನ್‌ನಲ್ಲಿ ಎರಡು, 9,000 ಹಾಕಿದ, ಕಾಲ್ ಮಾಡಿದೆ. ರಿವರ್‌ನಲ್ಲಿ ರಾಣಿ ಬಿತ್ತು. ಉಳಿದ 24,000ವನ್ನೂ ಅವನು ಒಂದೇ ಏಟಿಗೆ ನೂಕಿದ.

ಪಾಟ್‌ನಲ್ಲಿ ಆಗಲೇ 32,300 ಇತ್ತು. ನಾನು 24,000 ಕೊಟ್ಟರೆ ಒಟ್ಟು 80,300. ಹತ್ತರಲ್ಲಿ ಮೂರು ಸಲ ಗೆದ್ದರೂ ನಷ್ಟವಿಲ್ಲ. ಅರ್ಧ ಗಂಟೆಯಿಂದ ಅವನು ತೋರಿಸಿದ ಕೈಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬರೀ ಗಾಳಿ. ಕಾಲ್ ಒತ್ತಿದೆ. ಅವನು ರಾಣಿ–ನಾಲ್ಕು ತಿರುಗಿಸಿದ. ಫ್ಲಾಪ್‌ನಲ್ಲಿ ಏನೂ ಇಲ್ಲ, ಟರ್ನ್‌ನಲ್ಲಿ ಏನೂ ಇಲ್ಲ, ರಿವರ್‌ನಲ್ಲಿ ಒಂದು ರಾಣಿ.

ನೋಟುಬುಕ್ಕು ತೆಗೆದು, ‘ಟರ್ನ್‌ವರೆಗೆ ನಾನು ಮುಂದೆ, ರಿವರ್ ಬೆಲೆ ಸರಿ, ಕಾಲ್ ಸರಿ’ ಎಂದು ಬರೆದು ಮುಚ್ಚಿದೆ. ಪರದೆಯ ಮೇಲೆ ಹೊಸ ಎಲೆಗಳು ಬಂದಿದ್ದವು: ಏಳು ಮತ್ತು ಎರಡು, ಬೇರೆ ಬೇರೆ ಬಣ್ಣ. ಬಲಗಡೆಯವನು 1,000ಕ್ಕೆ ಏರಿಸಿದ್ದ. ನಾನು ಬಿಟ್ಟೆ.